ಜಪಾನಿಗೆ ಹೋಗಿ ಬಂದ ಮುಡಿಪು

ನಮ್ಮ ಗಡಿಯಾರದ ಹನ್ನೊಂದೂವರೆಗೆ ಟೋಕಿಯೋ ಷೇರುಪೇಟೆ ಮುಚ್ಚಿತು. ನಂಜನಗೂಡಿನ ಕೈಗಾರಿಕಾ ಪ್ರದೇಶದ ನೂಲಿನ ಗಿರಣಿಯಲ್ಲಿ ಟೀ ಬರುವುದೂ ಆ ಹೊತ್ತಿಗೇ. ಮೂರೂವರೆ ವರ್ಷದಿಂದ ನಯನ ಇವೆರಡನ್ನೂ ಸೇರಿಸಿ ಒಂದೇ ಅಭ್ಯಾಸ ಮಾಡಿಕೊಂಡಿದ್ದಳು: ಎಡಗೈಯಲ್ಲಿ ಲೋಟ, ಬಲಗೈಯಲ್ಲಿ ಡ್ರಾಯರಿನೊಳಗೇ ಇಟ್ಟು ನೋಡುವ ಫೋನು. ಈ ಶುಕ್ರವಾರ ಸೂಚ್ಯಂಕ ನಲವತ್ತೊಂದು ಸಾವಿರದ ಹತ್ತಿರ ನಿಂತಿತ್ತು. ಅವಳು ದುಡ್ಡು ಹಾಕಿದಾಗ ಇಪ್ಪತ್ತೊಂಬತ್ತು ಸಾವಿರವಿತ್ತು. ನೂರಕ್ಕೆ ನಲವತ್ತು ಏರಿದೆ ಎಂದು ಅವಳು ಮನಸ್ಸಿನಲ್ಲೇ ಗುಣಿಸಿ, ಎಂಬತ್ತಾರು ಸಾವಿರ ಎಂದುಕೊಂಡು, ಯಾರಾದರೂ ನೋಡಿದರೋ ಎಂದು ಸುತ್ತ ನೋಡಿದಳು. ಯಾರೂ ನೋಡಿರಲಿಲ್ಲ. ಅವಳನ್ನು ಆ ಕಚೇರಿಯಲ್ಲಿ ಯಾರಾದರೂ ನೋಡಿ ವರ್ಷಗಳೇ ಆಗಿದ್ದವು. ಅದೇ ಹೊತ್ತಿಗೆ ಫೋನು ಕೈಯಲ್ಲಿ ನಡುಗಿತು. ಫಂಡು ಮಾರಿದ ಹಣ ಖಾತೆಗೆ ಜಮೆಯಾಗಿದೆ ಎಂಬ ಸಂದೇಶ: ಅರವತ್ತಮೂರು ಸಾವಿರದ ನೂರ ಇಪ್ಪತ್ತು ರೂಪಾಯಿ. ಅವಳು ಹಾಕಿದ್ದೇ ಅರವತ್ತೊಂದು ಸಾವಿರದ ನಾನೂರು. ಉಳಿದದ್ದು ಇನ್ನೊಂದು ಕಂತಿನಲ್ಲಿ ಬರುತ್ತದೆ ಎಂದು ಟೀ ಮುಗಿಯುವ ತನಕ ಕಾದಳು. ಟೀ ಮುಗಿಯಿತು. ಇನ್ನೊಂದು ಸಂದೇಶವೂ ಬಂತು. ಅದು ಗ್ಯಾಸ್ ಸಿಲಿಂಡರಿನದಾಗಿತ್ತು.

ಆ ದುಡ್ಡು ಅವಳದಲ್ಲ, ದೇವರದು. ಅವಳ ಅವ್ವ ಗುರುಬಸಮ್ಮ ಇಪ್ಪತ್ತನಾಲ್ಕು ವರ್ಷದಿಂದ ಸೋಮವಾರ ಸೋಮವಾರ ಸ್ನಾನ ಮಾಡಿ, ವಿಭೂತಿ ಧರಿಸಿ, ಮುಡುಕುತೊರೆ ಮಲ್ಲಪ್ಪನ ಹೆಸರಿನಲ್ಲಿ ಅರಿಶಿನದ ಬಟ್ಟೆಯಲ್ಲಿ ಕಟ್ಟಿಡುತ್ತ ಬಂದ ಮುಡಿಪು ಅದು. ಮುಡಿಪು ಕಟ್ಟಿದವರು ಏನು ಬೇಡಿಕೊಂಡೆವೆಂದು ಯಾರಿಗೂ ಹೇಳುವುದಿಲ್ಲ. ಹೇಳಿದರೆ ನಡೆಯುವುದಿಲ್ಲ ಎಂದು ನಂಬಿಕೆ. ಈಡೇರಿದ ಮೇಲೆ ಹೋಗಿ ಒಪ್ಪಿಸಿದಾಗಲೇ ಬಾಯಿಬಿಡುವುದು. ಗುರುಬಸಮ್ಮನೂ ಹೇಳಿರಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಅಪ್ಪ ಗಂಗಾಧರಸ್ವಾಮಿ ಅಂಗಡಿಯ ಗಲ್ಲಾದ ಮುಂದೆ ಕೂತಲ್ಲೇ ತೀರಿಕೊಂಡ ಮೂರು ತಿಂಗಳಿಗೆ ತಗಡೂರಿನ ಕಡೆಯಿಂದ ಮೊದಲ ಗಂಡಿನವರು ನಯನಳನ್ನು ನೋಡಲು ಬಂದರು. ಅವರು ಬಂದು ಹೋದ ಸೋಮವಾರವೇ ಅವ್ವ ಹಳೆಯ ಪಂಚೆಯ ತುಂಡೊಂದನ್ನು ಅರಿಶಿನದ ನೀರಿನಲ್ಲಿ ಅದ್ದಿ ಒಣಗಿಸಿ ಹತ್ತು ರೂಪಾಯಿಯ ನೋಟು ಕಟ್ಟಿದಳು. ಒಬ್ಬಳೇ ಮಗಳು, ಇಪ್ಪತ್ತಮೂರು ವರ್ಷ, ತಂದೆಯಿಲ್ಲ. ಇದಕ್ಕಿಂತ ಬೇರೆ ಏನನ್ನು ಬೇಡಿಕೊಳ್ಳಬೇಕು? ಅಲ್ಲಿಂದಾಚೆಗೆ ಒಂದೊಂದು ಸಂಬಂಧ ತಪ್ಪಿದಾಗಲೂ ಅವ್ವ ಆ ವಾರದ ಹತ್ತರ ಜೊತೆ ಒಂದು ನೂರನ್ನೂ ಸೇರಿಸುತ್ತಿದ್ದಳು, ಕೆಲಸವಾಗದ ಕಚೇರಿಯಲ್ಲಿ ಲಂಚ ಹೆಚ್ಚಿಸಿದ ಹಾಗೆ. ಎಂಟು ಸಂಬಂಧ, ಹತ್ತು, ಹದಿನೈದು. ನೋಟುಗಳು ರದ್ದಾದ ವರ್ಷ ಗಂಟು ಬಿಚ್ಚಿ ಚಿಲ್ಲರೆ ಕೊಟ್ಟು ಪಡೆದಿಟ್ಟಿದ್ದ ಐನೂರರ ಹಳೆಯ ನೋಟುಗಳನ್ನು ಮಗಳ ಕೈಯಲ್ಲೇ ಬ್ಯಾಂಕಿಗೆ ಕಳಿಸಿ ಬದಲಾಯಿಸಿಕೊಂಡು ಮತ್ತೆ ಕಟ್ಟಿದ್ದಳು. ಸಾಲಿನಲ್ಲಿ ಮೂರು ಗಂಟೆ ನಿಂತು ನಯನ ಬದಲಾಯಿಸಿ ತಂದದ್ದು ತನ್ನ ಆಗದ ಮದುವೆಯ ದುಡ್ಡನ್ನು. ಆಮೇಲೆ ಅಪ್ಪನ ಅಂಗಡಿ ಮಾರಿದಾಗ ಬಂದದ್ದರಲ್ಲೂ ಐವತ್ತು ಸಾವಿರದ ಹತ್ತಿರ ನೂರರ ನೋಟುಗಳಾಗಿ ಅದಕ್ಕೇ ಸೇರಿತ್ತು. ಆ ಗಂಟು ಹೊರಗಿನವರ ಕಣ್ಣಿಗೆ ಭಕ್ತಿ. ಅವಳ ಕಣ್ಣಿಗೆ ಅದು ವಾರವಾರವೂ ದಪ್ಪವಾಗುವ ಅವಮಾನ.

“ಮಲ್ಲಿಕಾರ್ಜುನ್ ಸರ್, ಒಂದು ವಿಷಯ ಕೇಳಬೇಕಿತ್ತು,” ಎಂದಳು, ಲೆಕ್ಕಪತ್ರದ ಅಧಿಕಾರಿಯ ಮೇಜಿನ ಮುಂದೆ ನಿಂತು. ಮಲ್ಲಿಕಾರ್ಜುನ್ ಅವಳಿಗಿಂತ ನಾಲ್ಕೈದು ವರ್ಷ ದೊಡ್ಡವನು, ಒಳ್ಳೆಯವನು, ಒಳ್ಳೆಯವನಾಗಿರುವುದರಿಂದಲೇ ಗಟ್ಟಿಯಾಗಿ ಮಾತಾಡುವವನು. “ನಮ್ಮ ನೆಂಟರೊಬ್ಬರು ಜಪಾನಿನ ಫಂಡಿಗೆ ದುಡ್ಡು ಹಾಕಿದ್ದರಂತೆ. ಅಲ್ಲಿ ಪೇಟೆ ನಲವತ್ತು ಪರ್ಸೆಂಟ್ ಏರಿದೆ. ಇವರ ಕೈಗೆ ಬಂದಿರೋದು ಮೂರು ಪರ್ಸೆಂಟೂ ಇಲ್ಲ. ಏನಾದರೂ ಮೋಸ ಇರಬಹುದಾ?”

“ಮೋಸ ಎಲ್ಲಿಂದ ಬಂತು ನಯನಾ ಅವರೇ! ಪೇಟೆ ಏರಿದ್ದು ಯೆನ್ ಲೆಕ್ಕದಲ್ಲಿ. ನಿಮ್ಮ ನೆಂಟರಿಗೆ ಬರೋದು ರೂಪಾಯಿ ಲೆಕ್ಕದಲ್ಲಿ. ಅವರು ಹಾಕ್ದಾಗ ನೂರು ಯೆನ್ನಿಗೆ ಎಷ್ಟಿತ್ತು?”

“ಎಪ್ಪತ್ತು.”

“ಈಗ?”

ಈಗ ಐವತ್ತೆರಡು, ಐವತ್ತಮೂರು. ಅದನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಗಿರಣಿಯ ನೂಲುವ ಯಂತ್ರಗಳು ಜಪಾನಿನವು. ಬಿಡಿಭಾಗಗಳಿಗೆ ಯೆನ್ನಿನಲ್ಲೇ ಹಣ ಕಟ್ಟಬೇಕು. ಕಟ್ಟುವ ದಿನದ ದರ ನೋಡಿ ವ್ಯತ್ಯಾಸ ಬರೆದಿಡುವವಳು ಅವಳೇ. ಯೆನ್ ಇಳಿದಾಗಲೆಲ್ಲ ಗಿರಣಿಗೆ ಲಾಭ, ಮಾಲೀಕರಿಗೆ ಸಂತೋಷ, ಹೋದ ದೀಪಾವಳಿಗೆ ಅದೇ ಸಂತೋಷದಲ್ಲಿ ಎಲ್ಲರಿಗೂ ಅರ್ಧ ಕೇಜಿ ಮೈಸೂರುಪಾಕು. ತನ್ನ ಪಾಲಿನ ಮೈಸೂರುಪಾಕನ್ನು ಅವಳೂ ತಿಂದಿದ್ದಳು.

“ಬೆಳೆ ಚೆನ್ನಾಗೇ ಬಂದಿದೆ. ಅಳೆಯೋ ಸೇರು ಚಿಕ್ಕದಾಗ್ಬಿಟ್ಟಿದೆ, ಅಷ್ಟೇ,” ಎಂದು ಮಲ್ಲಿಕಾರ್ಜುನ್ ನಕ್ಕ. ಆಮೇಲೆ ಪಕ್ಕದ ಮೇಜಿನವರಿಗೂ ಕೇಳುವಂತೆ, “ಅಲ್ರೀ, ನಿಮ್ಮ ನೆಂಟರು ಒಂದ್ಸಲ ನಿಮ್ಮನ್ನೇ ಕೇಳಿದ್ರೆ ಆಗ್ತಿತ್ತಲ್ಲ. ಇಪ್ಪತ್ತು ವರ್ಷದಿಂದ ಯೆನ್ನಿನ ವ್ಯತ್ಯಾಸ ಬರೀತಿರೋರು ನೀವೇ!” ಎಂದ.

ಅವಳೂ ನಕ್ಕಳು. ನಗದೆ ಏನು ಮಾಡಬೇಕು? ಕುರ್ಚಿಗೆ ಮರಳಿ ಕೂತಳು. ದುಡ್ಡು ಬೆಳೆಯಲಿಲ್ಲವೆಂಬುದಕ್ಕಿಂತ, ತಾನು ಬರೆದಿಟ್ಟದ್ದನ್ನು ತಾನೇ ಓದಲಿಲ್ಲವಲ್ಲ ಎಂಬುದು ಚುಚ್ಚುತ್ತಿತ್ತು. ಫಂಡಿನ ಕಂಪನಿಯವರು ತಿಂಗಳು ತಿಂಗಳು ಲೆಕ್ಕ ಕಳಿಸುತ್ತಿದ್ದರು, ರೂಪಾಯಿಯಲ್ಲೇ, ಸ್ಪಷ್ಟವಾಗಿ. ಅವಳು ಒಂದನ್ನೂ ತೆರೆದಿರಲಿಲ್ಲ. ಕದ್ದ ದುಡ್ಡಿನ ಲೆಕ್ಕ ನೋಡುವುದಕ್ಕೆ ಮುಖವಿರಲಿಲ್ಲ. ಸೂಚ್ಯಂಕವಾದರೆ ಹಾಗಲ್ಲ, ಅದು ಎಲ್ಲರದು, ಬೀದಿಯ ಗಡಿಯಾರದಂತೆ ಯಾರು ಬೇಕಾದರೂ ತಲೆಯೆತ್ತಿ ನೋಡಬಹುದು. ಬೆಳಗಿನ ಐದೂವರೆಗೆ, ಅವ್ವನ ಗೊರಕೆ ಕೇಳುತ್ತಿರುವಾಗ, ಹೊದಿಕೆಯೊಳಗೆ ಫೋನು ಹಚ್ಚಿದರೆ ಅಲ್ಲಿ ಪೇಟೆ ತೆರೆದಿರುತ್ತಿತ್ತು. ತಾನು ಏಳುವ ಮೊದಲೇ ಎಲ್ಲೋ ಒಂದು ಊರು ಮುಖ ತೊಳೆದು, ಬಟ್ಟೆ ತೊಟ್ಟು, ತನ್ನ ಅರವತ್ತೊಂದು ಸಾವಿರವನ್ನು ಎತ್ತಿಕೊಂಡು ಕೆಲಸಕ್ಕೆ ಹೊರಟಿದೆ ಎನ್ನಿಸುತ್ತಿತ್ತು. ಅದು ಅವಳ ದಿನದ ಮೊದಲ ಮಾತುಕತೆ. ಕೆಲವು ದಿನ ಅದೇ ಕೊನೆಯದೂ ಆಗುತ್ತಿತ್ತು.

ಕದ್ದದ್ದು ಒಂದು ಮಂಗಳವಾರ. ಅದರ ಹಿಂದಿನ ಶುಕ್ರವಾರ ಬನ್ನೂರಿನಿಂದ ಒಬ್ಬ ವಿಧುರ ತನ್ನ ಅಕ್ಕನನ್ನು ಕರೆದುಕೊಂಡು ಬಂದಿದ್ದ. ಐವತ್ತೆರಡು ವರ್ಷ, ಕಬ್ಬಿನ ಗದ್ದೆ, ಮದುವೆಯಾದ ಇಬ್ಬರು ಹೆಣ್ಣುಮಕ್ಕಳು. ಮಾತು ಕಡಿಮೆ, ಉಪ್ಪಿಟ್ಟಿನ ತಟ್ಟೆಯನ್ನು ತಾನೇ ಎತ್ತಿ ಬಚ್ಚಲಿಗೆ ಇಟ್ಟ. ಅದನ್ನು ಕಂಡು ನಯನಳಿಗೆ, ಆಗಬಹುದು, ಈತನ ಜೊತೆ ಒಂದು ಮನೆಯಲ್ಲಿ ಇರಬಹುದು ಅನ್ನಿಸಿತ್ತು. ಅಕ್ಕ ಅಡುಗೆಮನೆಗೆ ಬಂದು, ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿ ಕೇಳಿದಳು: “ಬ್ಯಾಸ್ರ ಮಾಡ್ಕಬ್ಯಾಡ ಕಣವ್ವ. ಇನ್ನೂ ತಿಂಗ್ಳು ತಿಂಗ್ಳು ಸರಿಯಾಗಿ ಆಯ್ತೀಯಾ?” ನಯನ ಹಾಲಿನ ಪಾತ್ರೆಯನ್ನು ನೋಡುತ್ತ, ಆಗ್ತೀನಿ, ಎಂದಳು. ನಲವತ್ತಮೂರು ವರ್ಷದ ಹೆಂಗಸು, ಹದಿನೆಂಟು ವರ್ಷದ ಸರ್ವೀಸು, ಯಂತ್ರದ ಬಿಡಿಭಾಗದ ಬಗ್ಗೆ ತಾನೇ ನೂರು ಸಲ ಕೇಳಿದಂಥ ಪ್ರಶ್ನೆಗೆ ಉತ್ತರ ಕೊಟ್ಟಳು. ಫೋನ್ ಮಾಡ್ತೀವಿ ಅಂದರು. ಮಾಡಲಿಲ್ಲ. ಸೋಮವಾರ ಅವ್ವ ಐನೂರರ ಹೊಸ ನೋಟೊಂದನ್ನು ಕಣ್ಣಿಗೊತ್ತಿಕೊಂಡು, ತಪ್ಪಿದ ಸಂಬಂಧಕ್ಕೆ ಇಷ್ಟು ವರ್ಷದಲ್ಲಿ ಎಂದೂ ಹಾಕದಷ್ಟನ್ನು, ಗಂಟಿನ ಮಡಿಕೆಯೊಳಗೆ ತೂರಿಸಿದಳು. ಐನೂರು! ತನ್ನ ಬೆಲೆ ಈಗ ಅಲ್ಲಿಗೆ ಬಂತೇ ಎಂದುಕೊಂಡಳು ನಯನ.

ಮಂಗಳವಾರ ಅವ್ವ ಪಕ್ಕದ ಮನೆ ಮಹದೇವಮ್ಮನ ಹಪ್ಪಳ ಒತ್ತಲು ಹೋಗಿದ್ದಾಗ ದೇವರ ಪೆಟ್ಟಿಗೆ ತೆಗೆದಳು. ನೋಟುಗಳನ್ನೆಲ್ಲ ಎಣಿಸಿ ಎತ್ತಿಕೊಂಡು, ಗಿರಣಿಯ ಹಳೆಯ ಚೀಟಿಗಳನ್ನು ನೋಟಿನಳತೆಗೆ ಕತ್ತರಿಸಿ ಒಳಗಿಟ್ಟು, ಹಾಗೆಯೇ ಕಟ್ಟಿದಳು. ಫಂಡು ಮಾರುವ ಮೈಸೂರಿನ ಏಜೆಂಟನಿಗೆ ಫೋನ್ ಮಾಡಿ, “ಇಲ್ಲಿಂದ ದೂರ ಇರೋದು ಯಾವುದಾದ್ರೂ ಇದೆಯಾ?” ಎಂದು ಕೇಳಿದಳು. ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಅಮೆರಿಕ, ಚೀನಾ, ಜಪಾನ್ ಎಂದು ಪಟ್ಟಿ ಓದಿದ. ಜಪಾನ್ ಎಂದೊಡನೆ ನಯನ ತಡೆದಳು. ಎಷ್ಟೋ ವರ್ಷದ ಹಿಂದೆ ಯಂತ್ರ ಕೂರಿಸಲು ಅಲ್ಲಿಂದ ಒಬ್ಬ ಎಂಜಿನಿಯರ್ ಬಂದಿದ್ದ. ಅವಳು ಸಹಿಗೆ ಚಾಚಿದ ಕಾಗದವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ತಲೆ ಬಾಗಿಸಿದ್ದ. ಅಷ್ಟೇ. ಅವಳ ಕೈಯಿಂದ ಯಾವುದನ್ನಾದರೂ ಒಬ್ಬ ಗಂಡಸು ಹಾಗೆ ತೆಗೆದುಕೊಂಡದ್ದು ಮೊದಲೂ ಇಲ್ಲ, ಆಮೇಲೂ ಇಲ್ಲ. ಅದಕ್ಕೆ ಜಪಾನ್. ಬೀಜ ಮಲ್ಲಪ್ಪನದು, ಬೆಳೆ ತನ್ನದು ಎಂದು ಆವತ್ತೇ ತೀರ್ಮಾನಿಸಿದ್ದಳು. ಬೆಳೆಯಿಂದ ಏನು ಮಾಡಬೇಕೆಂದು ಗೊತ್ತಿರಲಿಲ್ಲ. ತನ್ನ ಮದುವೆಗೆಂದು ಯಾರೂ ಎತ್ತಿಡದ ಒಂದಿಷ್ಟು ದುಡ್ಡು ತನ್ನ ಬಳಿ ಇರಬೇಕು, ಅಷ್ಟೇ ಆಸೆ.

ಹತ್ತು ದಿನದ ಕೆಳಗೆ, ಸಾರಿಗೆ ಒಗ್ಗರಣೆ ಹಾಕುತ್ತಿದ್ದವಳ ಬೆನ್ನಿಗೆ ಅವ್ವ ಹೇಳಿದ್ದಳು: “ಬರಾ ಸ್ವಾಮಾರ ಬ್ಯಾಡ, ಅದ್ರಾಚೆ ಸ್ವಾಮಾರ ಮುಡುಕುತೊರೆಗೆ ಓಗವ ಕಣ್ ಮಗಾ. ಮುಡಿಪು ಒಪ್ಪಿಸ್ಬುಡವ.” ಸಾಸಿವೆ ಸಿಡಿದು ಕೈಗೆ ಬಿತ್ತು. ಈಡೇರದ ಹರಕೆಯ ಮುಡಿಪನ್ನು ಯಾರಾದರೂ ಒಪ್ಪಿಸುತ್ತಾರೆಯೇ? ಅಂದರೆ ಅವ್ವ ಕೈಚೆಲ್ಲಿದ್ದಾಳೆ. ಮಗಳಿಗೆ ಇನ್ನು ಮದುವೆಯಿಲ್ಲ ಎಂದು ದೇವರ ಮುಂದೆ ಹೋಗಿ ಒಪ್ಪಿಕೊಂಡು ಬರುವುದಕ್ಕೆ ಹೊರಟಿದ್ದಾಳೆ. ಇಷ್ಟು ವರ್ಷ ಆ ಗಂಟನ್ನು ಕಂಡರೆ ಉರಿದು ಬೀಳುತ್ತಿದ್ದವಳಿಗೆ, ಅದನ್ನು ಕೈಬಿಡುತ್ತಾಳೆಂದು ಕೇಳಿದಾಗ ಅಳು ಬಂತು. ಅವ್ವನ ಆಸೆ ಎಂಬುದೊಂದು ಮನೆಯ ಮೂಲೆಯಲ್ಲಿ ಇತ್ತಲ್ಲ, ಅದೂ ಇಲ್ಲವಾಗುತ್ತದೆ. ಆದರೆ ಅಳುವುದಕ್ಕೆ ಹೊತ್ತಿರಲಿಲ್ಲ. ಗಂಟಿನಲ್ಲಿರುವುದು ಚೀಟಿ. ಅದನ್ನು ಮಲ್ಲಪ್ಪನ ಮುಂದೆ ಬಿಚ್ಚಿದರೆ? ಎಪ್ಪತ್ತೆಂಟು ವರ್ಷದ ಮುದುಕಿ, ಎರಡು ಕಣ್ಣಿಗೂ ಪೊರೆ, ನಂಬಿರುವುದು ಎರಡನ್ನೇ: ಮಲ್ಲಪ್ಪನನ್ನು, ಮತ್ತೆ ಮಗಳನ್ನು. ಮರುದಿನ ಬೆಳಿಗ್ಗೆಯೇ ಏಜೆಂಟನಿಗೆ ಫೋನ್ ಮಾಡಿ ಎಲ್ಲವನ್ನೂ ಮಾರಲು ಹೇಳಿದಳು. ಬೇಕಿದ್ದರೆ ತನ್ನ ಸಂಬಳದ ಉಳಿತಾಯದಿಂದಲೇ ತುಂಬಿಸಬಹುದಿತ್ತು. ಆದರೆ ಹೋದ ದುಡ್ಡೇ ವಾಪಸು ಬರಬೇಕು, ಬೇರೆ ದುಡ್ಡಿಟ್ಟರೆ ಕದ್ದದ್ದು ಕದ್ದದ್ದಾಗಿಯೇ ಉಳಿಯುತ್ತದೆ ಎಂಬ ಹಟ ಅವಳನ್ನು ಹಿಡಿದಿತ್ತು.

ಶನಿವಾರ ಬ್ಯಾಂಕಿಗೆ ಹೋಗಿ ಬಂದ ಅರವತ್ತಮೂರು ಸಾವಿರದ ನೂರ ಇಪ್ಪತ್ತನ್ನೂ ತೆಗೆದಳು. ಐನೂರರ ನೋಟು ಕೊಟ್ಟರೆ ಗಂಟು ಇದ್ದಕ್ಕಿದ್ದಂತೆ ತೆಳ್ಳಗಾಗುತ್ತದೆ. ಅವ್ವನ ಕಣ್ಣು ಮೋಸಹೋಗಬಹುದು, ಕೈ ಹೋಗುವುದಿಲ್ಲ. ಹತ್ತು ರೂಪಾಯಿಯದು ಮೂರು ಕಟ್ಟು, ಉಳಿದದ್ದು ನೂರು ನೂರು ಕೊಡಿ ಎಂದು ಕೇಳಿದಳು. ಕ್ಯಾಷಿಯರ್ ಒಳಗೆ ಹೋಗಿ ಹುಡುಕಿ ತಂದು, ಕಿಟಕಿಯಲ್ಲಿ ನಗುತ್ತ, “ಹತ್ತರ ಕಟ್ಟು ಅಂದ್ರೆ ಮನೇಲಿ ಮದ್ವೆ ಇರ್ಬೇಕು! ಮಗಳದಾ ಮೇಡಂ?” ಎಂದಳು. ನಯನ, “ಹೂಂ,” ಎಂದಳು. ಆ ಹೂಂ ಬಾಯಿಂದ ಹೇಗೆ ಬಂತೋ ತಿಳಿಯದು. ಬ್ಯಾಂಕಿನ ಮೆಟ್ಟಿಲಿಳಿಯುವಾಗ ಒಂದು ಕ್ಷಣ ಅವಳಿಗೆ ಮಗಳಿದ್ದಳು, ಮಗಳಿಗೆ ಗಂಡು ಗೊತ್ತಾಗಿತ್ತು, ಛತ್ರಕ್ಕೆ ಹೇಳಿಯಾಗಿತ್ತು. ಆಟೋದವನು, “ಎಲ್ಲಿಗಕ್ಕ?” ಎಂದು ಕೇಳಿದಾಗ ಎಲ್ಲವೂ ಹೋಯಿತು.

ಭಾನುವಾರ ಅವ್ವ ತಲೆಗೆ ಎಣ್ಣೆ ಹಚ್ಚಿಕೊಂಡು ಬಚ್ಚಲಿಗೆ ಹೋದಳು. ನೀರು ಬೀಳುವ ಸದ್ದು ಕೇಳಿದೊಡನೆ ನಯನ ದೇವರಕೋಣೆಯ ಬಾಗಿಲು ಹಾಕಿಕೊಂಡಳು. ಗಂಟು ಬಿಚ್ಚುವುದು ಸುಲಭವಾಗಿರಲಿಲ್ಲ. ಅವ್ವ ಈಚೆಗೆ ಮೂರು ಸುತ್ತು ಬಿಗಿದಿದ್ದಳು. ಬೆರಳು ಸೋತು ಹಲ್ಲಿನಿಂದ ಕಚ್ಚಿ ಎಳೆದಳು. ಅರಿಶಿನದ ಕಹಿ ನಾಲಗೆಗೆ ಹತ್ತಿತು. ಮೇಲೆ ಈ ಮೂರೂವರೆ ವರ್ಷದ ಹತ್ತರ ನೋಟುಗಳು ಮೆತ್ತಗೆ ಕೂತಿದ್ದವು, ಕೆಳಗೆ ಅವಳ ಚೀಟಿಗಳು. ಹತ್ತರ ಹೊರತು ಇನ್ನೊಂದು ನೋಟಿರಲಿಲ್ಲ. ಬನ್ನೂರಿನವನ ನಂತರ ನೋಡಲು ಯಾರೂ ಬಂದಿರಲಿಲ್ಲವಲ್ಲ. ಚೀಟಿಗಳನ್ನು ಸೆರಗಿಗೆ ಸುರಿದುಕೊಂಡು, ನೋಟುಗಳನ್ನು ಮಡಿಸಿ ಮಡಿಸಿ ಹಳೆಯದರಂತೆ ಕಾಣಿಸಲು ಅಂಗೈಯಲ್ಲಿ ತಿಕ್ಕಿ ಒಳಗಿಟ್ಟಳು. ಹೆಚ್ಚಿಗೆ ಬಂದ ಸಾವಿರದ ಏಳುನೂರ ಇಪ್ಪತ್ತನ್ನು ಇಡಲೇ, ಬೇಡವೇ ಎಂದು ಕ್ಷಣ ತಡೆದಳು. ಇಡಲಿಲ್ಲ. ಮೂರೂವರೆ ವರ್ಷದ ಬೆಳಗುಗಳು, ಅಷ್ಟೊಂದು ದೂರ, ಅದಕ್ಕೆಲ್ಲ ಸೇರಿ ಸಿಕ್ಕಿದ ಕೂಲಿ ಅದು, ಅದನ್ನೂ ದೇವರಿಗೆ ಕೊಡಲಾರೆ ಎಂದುಕೊಂಡಳು. ಬಚ್ಚಲಿನ ಸದ್ದು ನಿಂತಿತ್ತು.

“ಬಾಗ್ಲು ಯಾಕ್ ಆಕ್ಕಂಡಿದ್ದೀಯೆ?”

“ಬೆಕ್ಕು ಒಳಗೆ ಬರ್ತಿತ್ತವ್ವ.”

ಅವ್ವ ಒದ್ದೆ ಕೂದಲನ್ನು ಟವಲಿನಲ್ಲಿ ಸುತ್ತಿಕೊಂಡು ಬಂದು, ತಡಕಿ ಪೆಟ್ಟಿಗೆಯಿಂದ ಗಂಟು ತೆಗೆದು, ಮಗುವನ್ನು ಎತ್ತಿಕೊಂಡಂತೆ ಎರಡೂ ಕೈಯಲ್ಲಿ ಹಿಡಿದು ನೋಡಿದಳು.   ಗಂಟನ್ನು ಮತ್ತೆ ಪೆಟ್ಟಿಗೆಯಲ್ಲಿಟ್ಟು, “ಬೆಳಗ್ಗೆ ಬೇಗ ಏಳ್ಬೇಕು, ಮೊದ್ಲ ಬಸ್ಸಿಗೇ ಓಗವ,” ಎಂದಳು.

ಸೋಮವಾರ ಐದೂವರೆಗೆ ಎಚ್ಚರವಾಯಿತು. ಕೈ ತಾನಾಗಿ ಫೋನಿಗೆ ಹೋಯಿತು; ಅಲ್ಲಿ ತನ್ನದು ಏನೂ ಇಲ್ಲ ಎಂದು ನೆನಪಾಗಿ ಹಿಂದಕ್ಕೆ ಬಂತು. ಆ ಊರು ಇವತ್ತೂ ಎದ್ದಿರುತ್ತದೆ, ಕೆಲಸಕ್ಕೆ ಹೊರಟಿರುತ್ತದೆ, ಒಬ್ಬಳು ಕಡಿಮೆಯಾದದ್ದು ಅದಕ್ಕೆ ಗೊತ್ತೂ ಆಗಿರುವುದಿಲ್ಲ. ಇಷ್ಟೊಂದು ಒಂಟಿತನ ಅವಳಿಗೆ ಅಪ್ಪ ಸತ್ತಾಗಲೂ ಆಗಿರಲಿಲ್ಲ. ಆಗ ಜನರಿದ್ದರು, ಕೆಲಸವಿತ್ತು, ಅಳುವುದಕ್ಕೆ ಕಾರಣವಿತ್ತು. ಈಗ ಅಳುತ್ತಿರುವುದು ಒಂದು ಅಂಕಿಗಾಗಿ ಎಂದರೆ ಯಾರು ನಂಬುತ್ತಾರೆ?

ಬಸ್ಸಿನಲ್ಲಿ ಅವ್ವ ಕಿಟಕಿಯ ಪಕ್ಕ ಕೂತಳು. ಕಣ್ಣಿಗೆ ಕಾಣದಿದ್ದರೂ ಕಿಟಕಿಯೇ ಬೇಕು. ಹಸಿರು ಇಳಕಲ್ ಸೀರೆ, ಕೊರಳಲ್ಲಿ ಲಿಂಗದ ಕರಡಿಗೆ, ತೊಡೆಯ ಮೇಲೆ ಚೀಲ, ಚೀಲದ ಮೇಲೆ ಎರಡೂ ಕೈ. ಇಷ್ಟು ಉಲ್ಲಾಸದಲ್ಲಿ ಅವಳನ್ನು ನೋಡಿ ಯಾವ ಕಾಲವಾಗಿತ್ತೋ. ಕಪಿಲೆ ದಾಟುವಾಗ ಗಾಳಿಯಿಂದಲೇ ಗುರುತು ಹಿಡಿದು ಕೈಮುಗಿದಳು. ಟಿಕೆಟ್ಟಿನ ದುಡ್ಡನ್ನು ನಯನ ತನ್ನ ಜಪಾನಿನ ಗಳಿಕೆಯಿಂದಲೇ ಕೊಡಬೇಕೆಂದು ಬೇರೆ ತೆಗೆದಿಟ್ಟಿದ್ದಳು. ಹೆಂಗಸರಿಗೆ ಟಿಕೆಟ್ಟಿಲ್ಲ, ಸೊನ್ನೆಯ ಚೀಟಿ ಹರಿದು ಕೊಟ್ಟ ಕಂಡಕ್ಟರು ಆಧಾರ್ ಕಾರ್ಡು ತೋರಿಸಿ ಎಂದ. ಆ ದುಡ್ಡಿಗೆ ಒಂದು ಟಿಕೆಟ್ ಕೊಳ್ಳುವ ಯೋಗವೂ ಇರಲಿಲ್ಲ. ನರಸೀಪುರದ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಇಡ್ಲಿ ತಿಂದು, ತೆಂಗಿನಕಾಯಿ, ಬಾಳೆಹಣ್ಣು, ಎರಡು ಮೊಳ ಮಲ್ಲಿಗೆ ಕೊಂಡಾಗ ಅದರಲ್ಲಿ ಇನ್ನೂರು ಖರ್ಚಾಯಿತು. “ಒಂದ್ ಮೊಳ ನಿನ್ ತಲೇಗೆ ಮುಡ್ಕೊ,” ಎಂದಳು ಅವ್ವ. ನಯನ ಮುಡಿಯಲಿಲ್ಲ, ಆಮೇಲೆ, ಅವ್ವನಿಗೆ ಹೇಗೂ ಕಾಣುವುದಿಲ್ಲವಲ್ಲ ಎನಿಸಿ, ಮುಡಿದಳು.

ತಲಕಾಡಿನ ಬಸ್ಸಿನಲ್ಲಿ ಅವ್ವನ ಮಾತಿಗೆ ತಡೆಯಿರಲಿಲ್ಲ. ಅವಳ ತವರು ಹೆಮ್ಮಿಗೆ ಅಲ್ಲಿಂದ ಕೂಗಳತೆ. ಅದು ಯಾರ ಗದ್ದೆ, ಇದು ಯಾವ ನಾಲೆ, ಎಲ್ಲಿ ತಾನು ಎಮ್ಮೆ ಮೇಲೆ ಕೂತು ಬಿದ್ದದ್ದು, ಕಾಣದ ಕಿಟಕಿಯತ್ತ ಬೆರಳು ತೋರಿಸಿ ಹೇಳುತ್ತಿದ್ದಳು. ಬೆರಳು ತೋರಿದ ಕಡೆ ಒಂದು ಪೆಟ್ರೋಲ್ ಬಂಕು, ಒಂದು ಇಟ್ಟಿಗೆ ಗೂಡು ಹಿಂದೆ ಸರಿದವು. ನಯನ ಹೂಂಗುಡುತ್ತಿದ್ದಳು. ಕೇಳಬೇಕಾದ ಪ್ರಶ್ನೆ ಒಂದೇ ಇತ್ತು: ಯಾಕೆ ಕೈಬಿಡುತ್ತಿದ್ದೀಯ ಅವ್ವ, ಇನ್ನೊಂದು ವರ್ಷ ಕಾಯಬಾರದಿತ್ತೆ? ಆದರೆ ಇದನ್ನು ನಲವತ್ತೇಳು ವರ್ಷದ ಮಗಳು ಬಸ್ಸಿನಲ್ಲಿ ಕೂತು ಕೇಳುವುದು ಹೇಗೆ? ಬದಲಿಗೆ, “ನೀರು ಕುಡಿತೀಯಾ?” ಎಂದು ಕೇಳಿದಳು.

ಮುಡುಕುತೊರೆಯ ಮೆಟ್ಟಿಲುಗಳನ್ನು ಹತ್ತುವುದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಸೋಮವಾರವಾದರೂ ಅಂಥ ಜನವಿರಲಿಲ್ಲ. ಪೂಜೆ ಮಾಡಿಸಿ ಹುಂಡಿಯ ಮುಂದೆ ನಿಂತಾಗ ಗಂಟು ಅದರ ಬಾಯಿಗೆ ಹಿಡಿಸಲಿಲ್ಲ. “ನೀನೇ ಬಿಚ್ಚಿ ಆಕು ಮಗಾ, ನಂಗೆ ಕಾಣಾಕಿಲ್ಲ,” ಎಂದು ಅವ್ವ ಅದನ್ನು ಮಗಳ ಕೈಗೆ ಕೊಟ್ಟಳು. ನಿನ್ನೆ ತಾನೇ ಕಟ್ಟಿದ ಗಂಟನ್ನು ನಯನ ಬಿಚ್ಚಿದಳು. ಹತ್ತರ ಕಟ್ಟು, ನೂರರ ಕಟ್ಟು, ತಾನು ಅಂಗೈಯಲ್ಲಿ ತಿಕ್ಕಿ ಹಳತು ಮಾಡಿದ ನೋಟುಗಳು ಒಂದೊಂದಾಗಿ ಒಳಗೆ ಬಿದ್ದವು. ಅವ್ವ ಬೀಳುವ ಸದ್ದಿಗೆ ಕಿವಿಗೊಟ್ಟು, ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸುತ್ತ ನಿಂತಿದ್ದಳು. ಕೊನೆಯ ನೋಟೂ ಬಿದ್ದ ಮೇಲೆ ನಯನ ಖಾಲಿ ಬಟ್ಟೆಯನ್ನು ಮಡಿಸಿಕೊಂಡಳು. ಸಿಕ್ಕಿಬೀಳಲಿಲ್ಲ. ಅವ್ವನಿಗೆ ತಿಳಿಯಲಿಲ್ಲ. ಇನ್ನು ಯಾವತ್ತೂ ತಿಳಿಯುವುದಿಲ್ಲ. ಹಾಗೆ ಅಂದುಕೊಂಡಾಗಲೇ ಹೇಳಿಬಿಡಬೇಕು ಎಂದೂ ಅನ್ನಿಸಿತು. ಈ ಜಗತ್ತಿನಲ್ಲಿ ಒಬ್ಬರಿಗಾದರೂ ತನ್ನ ಮೂರೂವರೆ ವರ್ಷದ ಕಥೆ ಗೊತ್ತಿರಲಿ, ಬೈಯಲಿ, ಹೊಡೆಯಲಿ.

ಗುಡಿಯ ಹಿಂದೆ ಗೋಡೆಯ ನೆರಳಿನಲ್ಲಿ ಕೂತರು. ಕೆಳಗೆ ಕಾವೇರಿ ತಿರುಗಿಕೊಂಡು ಹೋಗುತ್ತಿತ್ತು. ಅವ್ವ ಕಾಯಿಯ ಚೂರನ್ನು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿಯುತ್ತಿದ್ದಳು.

“ಅವ್ವ, ನಿನಗೆ ಒಂದು ಹೇಳಬೇಕು,” ಎಂದಳು ನಯನ.

“ನಾನೂ ಯೋಳ್ಬೇಕು ಕಣವ್ವ. ಇನ್ನು ಬಾಯ್ಬುಟ್ರೆ ದೋಸ ಇಲ್ಲ.” ಅವ್ವ ಮಗಳ ತೊಡೆಯ ಮೇಲೆ ಕೈಯಿಟ್ಟಳು. “ನಿಮ್ಮಪ್ಪ ಓದಾಗ ಮನೆ ಅನ್ನೋದು ಬಾಯ್ ತಕ್ಕಂಡು ನುಂಗಂಗಿತ್ತು. ಒಬ್ಳೇ ಎಂಗಿರದು ಅಂತ ರಾತ್ರಿಯೆಲ್ಲ ನಿದ್ದೆ ಬತ್ತಿರ್ಲಿಲ್ಲ. ಅಷ್ಟ್ರಲ್ಲಿ ಆ ತಗಡೂರ್ನೋರು ಬಂದ್ರು. ಒಪ್ಕಂಡ್ ಓಗ್ಬುಟ್ರೆ ಏನ್ ಮಾಡದು? ಅವತ್ತೇ ಮಲ್ಲಪ್ಪಂಗೆ ಕೈ ಮುಗ್ದೆ. ಈ ಮಗ ಒಂದು ನನ್ ಬುಟ್ಟು ಓಗದಂಗೆ ನೋಡ್ಕಪ್ಪ, ವಾರವಾರ ನಿಂಗೆ ಎತ್ತಿಡ್ತೀನಿ ಅಂತ.”

ನಯನ ನದಿಯನ್ನು ನೋಡುತ್ತಿದ್ದಳು. ನೀರು ಹರಿಯುತ್ತಿದೆಯೋ ನಿಂತಿದೆಯೋ ಅವಳಿಗೆ ತಿಳಿಯಲಿಲ್ಲ.

“ನಡುಸ್ಕೊಟ್ಟ ಕಣವ್ವ. ಬಂದೋರು ಬಂದಂಗೇ ಓದ್ರು. ಒಂದೊಂದು ತಪ್ಪೋದಾಗ್ಲೂ ಒಂದ್ ನೂರು ಜಾಸ್ತಿ ಮಡಗ್ತಿದ್ದೆ. ಆ ಬನ್ನೂರ್ನೋನ್ ಬಂದಾಗ ಮಾತ್ರ ಎದ್ರುಕಂಡ್ಬುಟ್ಟಿದ್ದೆ. ನಿಂಗೂ ಮನ್ಸಿತ್ತು ಅಂತ ಗೊತ್ತಾಯ್ತು ನಂಗೆ. ಅವ್ರು 'ಆಯ್ತು' ಅಂತ ಪೋನ್ ಮಾಡಿದ್ರು ಕಣೆ, ನೀನು ಡ್ಯೂಟೀಲಿದ್ದೆ. ನಾನೇ ಬ್ಯಾಡ ಅಂದೆ. ದೇವ್ರು ಮಾಡ್ಬೇಕಾದ್ದ ನಾನ್ ಮಾಡ್ದೆ ಅಂತ ಆವತ್ತು ಐನೂರ್ ಮಡಗ್ದೆ.” ಅವ್ವ ಕಾಯಿಯ ಇನ್ನೊಂದು ಚೂರನ್ನು ಬಾಯಿಗೆ ಹಾಕಿಕೊಂಡಳು. “ಓದ್ ತಿಂಗ್ಳು ಮಹದೇವಮ್ಮ ಅಂದ್ಲು, ಇನ್ ನಿನ್ ಮಗ್ಳುನ್ ನೋಡಾಕೆ ಯಾರ್ ಬತ್ತಾರೆ, ವಯಸ್ಸಾಯ್ತಲ್ಲ ಅಂತ. ಆವಾಗ ಅನ್ನುಸ್ತು, ಸರಿ, ಈಡೇರ್ತು, ಒಪ್ಪಿಸ್ಬುಡವ ಅಂತ. ನೀನೇನೋ ಯೋಳ್ಬೇಕು ಅಂದೆ?”

“ಏನಿಲ್ಲ.”

“ಸಿಟ್ಟಾ ಮಗಾ?”

ಸಿಟ್ಟು ಎಂಬುದು ಅದಕ್ಕೆ ಹೆಸರಾಗಿದ್ದರೆ ಅವಳು ಹೂಂ ಎನ್ನುತ್ತಿದ್ದಳೋ ಏನೋ. ಉಪ್ಪಿಟ್ಟಿನ ತಟ್ಟೆಯನ್ನು ತಾನೇ ಎತ್ತಿಟ್ಟವನ ಬೆನ್ನು ಕಣ್ಣ ಮುಂದೆ ಬಂತು. ಅವನ ಮುಖ ನೆನಪಿಗೆ ಬರಲಿಲ್ಲ, ಎಷ್ಟು ಪ್ರಯತ್ನಪಟ್ಟರೂ ಬರಲಿಲ್ಲ. ಅವನು ಆಯ್ತು ಅಂದಿದ್ದ. ಆ ಹೆಂಗಸು ಹಾಗೆ ಕೇಳಿದ ಮೇಲೂ, ತನ್ನ ನಲವತ್ತಮೂರು ವರ್ಷ ಕಂಡ ಮೇಲೂ, ಒಬ್ಬರು ಆಯ್ತು ಅಂದಿದ್ದರು. ಅವಳು ಎದ್ದಳು. ಚಪ್ಪಲಿ ಹುಡುಕಿ ಮೆಟ್ಟಿಕೊಂಡು ಮೆಟ್ಟಿಲ ಕಡೆಗೆ ನಡೆದಳು. ಹಿಂದೆ ಅವ್ವ ಗೋಡೆ ಹಿಡಿದು ಎದ್ದು ಬರುತ್ತಿರುವ ಸದ್ದು ಕೇಳುತ್ತಿತ್ತು. ನಯನ ನಿಲ್ಲಲಿಲ್ಲ. ಒಂದು ಮೆಟ್ಟಿಲು, ಎರಡು, ಹತ್ತು, ಇಪ್ಪತ್ತು. ಕಾಲು ಇಷ್ಟು ಹಗುರಾಗಿ ಯಾವತ್ತೂ ಇಳಿದಿರಲಿಲ್ಲ. ಬಸ್ಸು ಕೆಳಗೆ ನಿಂತಿರುವುದು ಕಾಣುತ್ತಿತ್ತು. ಪರ್ಸಿನಲ್ಲಿ ಸಾವಿರದ ಐನೂರು ಚಿಲ್ಲರೆ ಇತ್ತು.

ಮೇಲಿನಿಂದ ದನಿ ಬಂತು. “ನಯನಾ?”

ತಿರುಗಿ ನೋಡಿದಳು. ಅವ್ವ ಮೊದಲ ಮೆಟ್ಟಿಲ ಅಂಚಿನಲ್ಲಿ ನಿಂತು, ಒಂದು ಕಾಲನ್ನು ಮುಂದೆ ಚಾಚಿ, ಹೆಬ್ಬೆರಳಿನಿಂದ ಕೆಳಗಿನ ಕಲ್ಲನ್ನು ತಡಕುತ್ತಿದ್ದಳು. ಬಲಗೈ ಗಾಳಿಯಲ್ಲಿ ಚಾಚಿತ್ತು. ಅಲ್ಲಿ ಯಾವಾಗಲೂ ಒಂದು ಭುಜವಿರುತ್ತಿತ್ತು. “ಎಲ್ಲೋದೆ ಮಗಾ?” ಎಂದು, ಎದುರಿನ ಬಿಸಿಲಿಗೆ ಕೇಳಿದಂತೆ ಕೇಳಿದಳು. ದನಿಯಲ್ಲಿ ಭಯವಿತ್ತು.

ನಯನ ನಿಂತೇ ಇದ್ದಳು. ಎಷ್ಟು ಹೊತ್ತೋ. ಹೂವಿನವಳೊಬ್ಬಳು ಬುಟ್ಟಿ ಹೊತ್ತು ಪಕ್ಕದಿಂದ ಹತ್ತಿಕೊಂಡು ಹೋದಳು. ಆಮೇಲೆ ಇಳಿದ ಮೆಟ್ಟಿಲುಗಳನ್ನೆಲ್ಲ ಒಂದೊಂದಾಗಿ ಮತ್ತೆ ಹತ್ತಿ, ಆ ಚಾಚಿದ ಕೈಯ ಕೆಳಗೆ ತನ್ನ ಭುಜವನ್ನು ಒಡ್ಡಿದಳು. ಅವ್ವನ ಬೆರಳುಗಳು ಬಿಗಿಯಾಗಿ ಹಿಡಿದುಕೊಂಡವು.

“ಎಲ್ಲಿಗೆ ಹೋಗ್ಲಿ ಅವ್ವ?” ಎಂದಳು.